ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಧೀಶರು ಎಲ್ಲಿಂದ ಬರುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ನ್ಯಾಯಾಧೀಶ ಅಂದರೆ ನಮ್ಮೂರಿನ ಜಿಲ್ಲಾ ನ್ಯಾಯಾಧೀಶರ ಹಾಗೆಯೇ?

ಹೆಸರು ಒಂದೇ, ಹುದ್ದೆ ಬೇರೆ. ನಮ್ಮಲ್ಲಿ ನ್ಯಾಯಾಂಗ ಒಂದೇ ಏಣಿ. ಹೈಕೋರ್ಟ್ ನಡೆಸುವ ಪರೀಕ್ಷೆ ಪಾಸು ಮಾಡಿ ಸಿವಿಲ್ ನ್ಯಾಯಾಧೀಶರಾಗಿ ಸೇರಿ, ಬಡ್ತಿ ಪಡೆಯುತ್ತ ಜಿಲ್ಲಾ ನ್ಯಾಯಾಧೀಶರಾಗಬಹುದು. ಇಲ್ಲವೇ ಸಂವಿಧಾನದ 233ನೇ ವಿಧಿಯಂತೆ ಕನಿಷ್ಠ 7 ವರ್ಷ ವಕೀಲಿಕೆ ಮಾಡಿ ನೇರ ನೇಮಕಾತಿಯಲ್ಲಿ ಬರಬಹುದು. ಅಮೆರಿಕದಲ್ಲಿ ರಾಜ್ಯಗಳ ನ್ಯಾಯಾಲಯಗಳೇ ಬೇರೆ, ಫೆಡರಲ್ ಅಂದರೆ ಕೇಂದ್ರದ ನ್ಯಾಯಾಲಯಗಳೇ ಬೇರೆ. ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರು ಚುನಾವಣೆಗೆ ನಿಂತು ಗೆದ್ದು ಬರುತ್ತಾರೆ. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿ, ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಪಬೇಕು. ಒಮ್ಮೆ ಕೂತರೆ ಜೀವನಪರ್ಯಂತ.

ಫೆಡರಲ್ ಜಿಲ್ಲಾ ನ್ಯಾಯಾಲಯಗಳು ಒಟ್ಟು 94, ನ್ಯಾಯಾಧೀಶರ ಹುದ್ದೆಗಳು ಸುಮಾರು 670. ಸಾಕ್ಷಿಗಳ ವಿಚಾರಣೆ, ಜ್ಯೂರಿ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ಗುಂಪು) ಆಯ್ಕೆ, ಶಿಕ್ಷೆಯ ಪ್ರಮಾಣ, ಪೇಟೆಂಟ್ ಜಗಳ, ಸರ್ಕಾರದ ಆದೇಶಕ್ಕೆ ತಡೆ ಎಲ್ಲವೂ ಶುರುವಾಗುವುದು ಇಲ್ಲೇ. ಮೇಲ್ಮನವಿ ನ್ಯಾಯಾಲಯಗಳು 13. ಅವು ದಾಖಲೆ ಓದಿ ತೀರ್ಪು ಕೊಡುತ್ತವೆಯೇ ಹೊರತು ಸಾಕ್ಷಿ ಕಟಕಟೆಯಲ್ಲಿರುವವರ ಮುಖ ನೋಡುವುದಿಲ್ಲ.

ಈ ಹುದ್ದೆಗೆ ಬೇಕಾದ ಅರ್ಹತೆ ಏನು?

ಕಾಗದದ ಮೇಲೆ ಏನೂ ಇಲ್ಲ. ಅಮೆರಿಕದ ಸಂವಿಧಾನ ಫೆಡರಲ್ ನ್ಯಾಯಾಧೀಶರಿಗೆ ವಯಸ್ಸು ಹೇಳಿಲ್ಲ, ಕಾನೂನು ಪದವಿ ಕೇಳಿಲ್ಲ, ಪೌರತ್ವದ ಮಾತನ್ನೂ ಎತ್ತಿಲ್ಲ. ಪರೀಕ್ಷೆಯೂ ಇಲ್ಲ. ಕಾಯ್ದೆಯಲ್ಲಿ ಎದ್ದು ಕಾಣುವುದು ವಾಸದ ಷರತ್ತು ಒಂದೇ: ನೇಮಕವಾದವರು ತಮ್ಮ ಜಿಲ್ಲೆಯಲ್ಲೇ ವಾಸಿಸಬೇಕು. ವಾಷಿಂಗ್ಟನ್ ಡಿಸಿ ಮತ್ತು ನ್ಯೂಯಾರ್ಕಿನ ಎರಡು ಜಿಲ್ಲೆಗಳಿಗೆ ಮಾತ್ರ ಇದರಲ್ಲಿ ಸಡಿಲಿಕೆ ಇದೆ.

ವಿಚಿತ್ರವೆಂದರೆ ಇದೇ ನ್ಯಾಯಾಲಯದಲ್ಲಿ ಅವರ ಕೈಕೆಳಗೆ ಕೆಲಸ ಮಾಡುವ ಮ್ಯಾಜಿಸ್ಟ್ರೇಟ್ ಜಡ್ಜ್‌ಗೆ ಕನಿಷ್ಠ 5 ವರ್ಷ ಬಾರ್ ಸದಸ್ಯತ್ವ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಮೇಲಿನವರಿಗೆ ಅದೂ ಇಲ್ಲ. ಬರೆದಿಟ್ಟ ಅರ್ಹತೆ ಇಲ್ಲದಿರುವುದರಿಂದಲೇ ಬರೆಯದ ಅರ್ಹತೆಗಳಿಗೆ ಇಷ್ಟು ತೂಕ. ಕೋರ್ಟಿನಲ್ಲಿ ಎಷ್ಟು ಪ್ರಕರಣ ನಡೆಸಿದ್ದೀರಿ, ನಿಮ್ಮ ರಾಜ್ಯದ ಇಬ್ಬರು ಸೆನೆಟರುಗಳಿಗೆ ನೀವು ಗೊತ್ತೇ, ನೀವು ತಯಾರಾದ ಹೊತ್ತಿಗೆ ನಿಮ್ಮ ಜಿಲ್ಲೆಯಲ್ಲಿ ಹುದ್ದೆ ಖಾಲಿ ಬಿತ್ತೇ ಎಂಬ ಮೂರೂ ಕೂಡಿಬರಬೇಕು. ಮೂರನೆಯದು ಬರೀ ಅದೃಷ್ಟ.

ಹಾಗಾದರೆ ನಿಜವಾಗಿ ಯಾರು ಆಗುತ್ತಾರೆ?

ನಾಲ್ಕು ಕಡೆಯಿಂದ ಹೆಚ್ಚು ಜನ ಬರುತ್ತಾರೆ: ಪ್ರಾಸಿಕ್ಯೂಟರ್ (ಆರೋಪಿಗಳ ವಿರುದ್ಧ ಸರ್ಕಾರದ ಪರ ವಾದಿಸುವ ವಕೀಲರು) ಕಚೇರಿ, ದೊಡ್ಡ ಲಾ ಫರ್ಮ್, ರಾಜ್ಯ ನ್ಯಾಯಾಲಯಗಳ ಪೀಠ, ಮ್ಯಾಜಿಸ್ಟ್ರೇಟ್ ಜಡ್ಜ್ ಹುದ್ದೆ. ಒಬ್ಬರೇ ಇದರಲ್ಲಿ ಎರಡು ಮೂರು ಕಡೆ ದುಡಿದಿರುವುದು ಸಾಮಾನ್ಯ.

ಅತಿ ಸವೆದ ದಾರಿ ಅಸಿಸ್ಟೆಂಟ್ ಯು.ಎಸ್. ಅಟಾರ್ನಿಯದು, ಅಂದರೆ ಫೆಡರಲ್ ಪ್ರಾಸಿಕ್ಯೂಟರಿನದು. ಕಾರಣ ಸರಳ. ಅಮೆರಿಕದ ಸಿವಿಲ್ ಪ್ರಕರಣಗಳಲ್ಲಿ ಬಹುತೇಕ ಎಲ್ಲವೂ ರಾಜಿಯಲ್ಲೋ ಅರ್ಜಿ ಹಂತದಲ್ಲೋ ಮುಗಿದುಹೋಗುತ್ತವೆ. ದೊಡ್ಡ ಫರ್ಮಿನಲ್ಲಿ ಹದಿನೈದು ವರ್ಷ ಕಳೆದ ವಕೀಲರೂ ಜ್ಯೂರಿ ಮುಂದೆ ನಿಂತದ್ದು ಬೆರಳೆಣಿಕೆಯಷ್ಟೇ ಇರಬಹುದು. ಪ್ರಾಸಿಕ್ಯೂಟರುಗಳು ಚಿಕ್ಕ ವಯಸ್ಸಿನಲ್ಲೇ ಸಾಕ್ಷಿ ಕರೆಸಿ, ಪಾಟೀಸವಾಲು ಮಾಡಿ, ಜ್ಯೂರಿಗೆ ವಾದ ಮಂಡಿಸಿ ಪಳಗಿರುತ್ತಾರೆ. ಕಚೇರಿ ಇರುವುದೂ ಅದೇ ನ್ಯಾಯಾಲಯದ ಸುತ್ತಮುತ್ತ, ಹಾಗಾಗಿ ಹಾಲಿ ನ್ಯಾಯಾಧೀಶರಿಗೆಲ್ಲ ಅವರ ಕೆಲಸ ಗೊತ್ತು. ಅವರ ಕೊರತೆ ಬೇರೆ ಕಡೆ ಕಾಣುತ್ತದೆ. ಜಿಲ್ಲಾ ನ್ಯಾಯಾಲಯದ ಬಹುಪಾಲು ಕಡತ ಸಿವಿಲ್. ಪೇಟೆಂಟ್, ಪಿಂಚಣಿ, ಉದ್ಯೋಗ ತಾರತಮ್ಯದ ಪ್ರಕರಣಗಳನ್ನು ಅವರು ಪೀಠಕ್ಕೆ ಬಂದ ಮೇಲೆ ಕಲಿಯಬೇಕು.

ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಸೋನಿಯಾ ಸೋಟೊಮಯೋರ್ ಅವರದು ಮಾದರಿ ದಾರಿ. 1979ರಿಂದ ಐದು ವರ್ಷ ಮ್ಯಾನ್‌ಹಟನ್‌ನಲ್ಲಿ ಸಹಾಯಕ ಜಿಲ್ಲಾ ಅಟಾರ್ನಿ (ಇದು ಫೆಡರಲ್ ಅಲ್ಲ, ಸ್ಥಳೀಯ ಪ್ರಾಸಿಕ್ಯೂಷನ್), ನಂತರ ಖಾಸಗಿ ಫರ್ಮಿನಲ್ಲಿ ವಾಣಿಜ್ಯ ವ್ಯಾಜ್ಯ, 1992ರಲ್ಲಿ ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ಪೀಠ. ಅವರನ್ನು ನಾಮನಿರ್ದೇಶನ ಮಾಡಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್, ಶಿಫಾರಸು ಮಾಡಿದ್ದು ಡೆಮೊಕ್ರಾಟ್ ಸೆನೆಟರ್ ಮೊಯ್ನಿಹಾನ್. ಸೆನೆಟರುಗಳ ಮಾತು ಎಷ್ಟು ನಡೆಯುತ್ತದೆಂದು ತಿಳಿಯಲು ಇದೊಂದೇ ಸಾಕು. ಜೇಮ್ಸ್ ಬೋಸ್‌ಬರ್ಗ್ ಕೊಲೆ ಪ್ರಕರಣಗಳ ಪ್ರಾಸಿಕ್ಯೂಟರ್ ಆಗಿದ್ದವರು. 2002ರಲ್ಲಿ ಕಿರಿಯ ಬುಷ್ ಅವರನ್ನು ವಾಷಿಂಗ್ಟನ್ನಿನ ಸ್ಥಳೀಯ ಸುಪೀರಿಯರ್ ಕೋರ್ಟಿಗೆ ನೇಮಿಸಿದರು, 2011ರಲ್ಲಿ ಒಬಾಮ ಕಾಲದಲ್ಲಿ ಫೆಡರಲ್ ಪೀಠಕ್ಕೆ ಬಂದರು.

ಫರ್ಮಿನಿಂದ ಬಂದವರಲ್ಲಿ ವಿಲಿಯಂ ಆಲ್ಸಪ್ ಹೆಸರು ಐಟಿ ಮಂದಿಗೂ ಪರಿಚಿತ. ಗಣಿತ ಓದಿ ಕಾನೂನಿಗೆ ಬಂದು, ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಫರ್ಮಿನಲ್ಲಿದ್ದು 1999ರಲ್ಲಿ ನ್ಯಾಯಾಧೀಶರಾದರು. ಒರಾಕಲ್ ಮತ್ತು ಗೂಗಲ್ ನಡುವಿನ ಜಾವಾ ವ್ಯಾಜ್ಯ ಇವರ ಮುಂದೆಯೇ ನಡೆಯಿತು.

ಆರೋಪಿಗಳ ಪರ ವಾದಿಸಿದವರಿಗೆ ಅವಕಾಶ ಇಲ್ಲವೇ?

ಇದೆ, ಆದರೆ ಬಹುಕಾಲ ಕಡಿಮೆ ಇತ್ತು. ಪ್ರಾಸಿಕ್ಯೂಟರಿಗೆ ‘ಅಪರಾಧಿಗಳ ವಿರುದ್ಧ ಹೋರಾಡಿದವರು’ ಎಂಬ ಹೊಗಳಿಕೆ ಸಿಕ್ಕರೆ, ಪಬ್ಲಿಕ್ ಡಿಫೆಂಡರಿಗೆ (ವಕೀಲರಿಗೆ ದುಡ್ಡಿಲ್ಲದ ಆರೋಪಿಗಳ ಪರ ಸರ್ಕಾರದ ಖರ್ಚಿನಲ್ಲಿ ವಾದಿಸುವವರು) ಅವರು ವಾದಿಸಿದ ಪ್ರತಿ ಕಕ್ಷಿದಾರನ ಅಪರಾಧವನ್ನೂ ಸೆನೆಟ್ ವಿಚಾರಣೆಯಲ್ಲಿ ಓದಿ ಹೇಳುತ್ತಾರೆ. ಸಂವಿಧಾನವೇ ಕೊಟ್ಟ ವಕೀಲರ ಹಕ್ಕನ್ನು ನಡೆಸಿಕೊಟ್ಟವರನ್ನು ಆ ಕಾರಣಕ್ಕೇ ಅನುಮಾನಿಸುವುದು ಸರಿಯಲ್ಲ. ರೂಢಿ ಮಾತ್ರ ಹಾಗೇ ಇದೆ. ಬೈಡನ್ ಆಡಳಿತ ಉದ್ದೇಶಪೂರ್ವಕವಾಗಿ ಇದನ್ನು ಬದಲಿಸಿತು. ಆ ನಾಲ್ಕು ವರ್ಷದಲ್ಲಿ ನೇಮಕವಾದ 187 ಜಿಲ್ಲಾ ನ್ಯಾಯಾಧೀಶರಲ್ಲಿ ಡಿಫೆಂಡರುಗಳು, ನಾಗರಿಕ ಹಕ್ಕುಗಳ ವಕೀಲರು ಹಿಂದೆಂದಿಗಿಂತ ಹೆಚ್ಚು ಕಂಡರು. ಅದಕ್ಕೂ ಮೊದಲು, ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಕೆಟಾಂಜಿ ಬ್ರೌನ್ ಜಾಕ್ಸನ್ 2005ರಿಂದ 2007ರವರೆಗೆ ಫೆಡರಲ್ ಡಿಫೆಂಡರ್ ಕಚೇರಿಯಲ್ಲಿದ್ದು, ಶಿಕ್ಷೆಯ ಮಾರ್ಗಸೂಚಿ ರೂಪಿಸುವ ಶಿಕ್ಷಾ ಆಯೋಗದ ಮೂಲಕ ಹಾದು, 2013ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು.

ನಾಗರಿಕ ಹಕ್ಕುಗಳ ಕಡೆಯಿಂದ ಬಂದ ದೊಡ್ಡ ಹೆಸರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಕಪ್ಪು ಜನರ ಹಕ್ಕುಗಳಿಗಾಗಿ ದಕ್ಷಿಣದ ಕೋರ್ಟುಗಳಲ್ಲಿ ವಾದಿಸಿ, ನ್ಯೂಯಾರ್ಕ್ ರಾಜ್ಯ ಸೆನೆಟಿಗೆ ಹೋಗಿ, 1966ರಲ್ಲಿ ಫೆಡರಲ್ ಪೀಠಕ್ಕೆ ಬಂದ ಮೊದಲ ಕಪ್ಪು ಮಹಿಳೆ. ಜಿಲ್ಲಾ ನ್ಯಾಯಾಲಯದ ಮೊದಲ ಮಹಿಳೆ ಬರ್ನಿಟಾ ಶೆಲ್ಟನ್ ಮ್ಯಾಥ್ಯೂಸ್, 1949ರಲ್ಲಿ. ಫೆಡರಲ್ ಜಿಲ್ಲಾ ನ್ಯಾಯಾಲಯಗಳು ಶುರುವಾದದ್ದು 1789ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ಓದಿಕೊಳ್ಳಿ.

ಮ್ಯಾಜಿಸ್ಟ್ರೇಟ್ ಜಡ್ಜ್ ಆದರೆ ಮುಂದೆ ಬಡ್ತಿ ಸಿಗುತ್ತದೆಯೇ?

ಬಡ್ತಿ ಎಂಬುದಿಲ್ಲ. ಮ್ಯಾಜಿಸ್ಟ್ರೇಟ್ ಜಡ್ಜ್‌ಗಳನ್ನು ಆಯಾ ಜಿಲ್ಲೆಯ ನ್ಯಾಯಾಧೀಶರೇ ಮತ ಹಾಕಿ ಆರಿಸುತ್ತಾರೆ. ಅದಕ್ಕೆ ಬಹಿರಂಗ ಜಾಹೀರಾತು, ಅರ್ಜಿ, ಆಯ್ಕೆ ಸಮಿತಿ ಎಲ್ಲ ಉಂಟು. ಪೂರ್ಣಾವಧಿಯವರಿಗೆ 8 ವರ್ಷದ ಅವಧಿ. ಬಂಧಿತರ ಮೊದಲ ಹಾಜರಿ, ಜಾಮೀನು, ಶೋಧನಾ ವಾರಂಟ್, ಸಿವಿಲ್ ಪ್ರಕರಣಗಳಲ್ಲಿ ದಾಖಲೆ ವಿನಿಮಯದ ಜಗಳ, ರಾಜಿ ಮಾತುಕತೆ ಅವರ ದಿನನಿತ್ಯದ ಕೆಲಸ. ಇಬ್ಬರೂ ಕಕ್ಷಿದಾರರು ಒಪ್ಪಿದರೆ ಸಿವಿಲ್ ಪ್ರಕರಣವನ್ನು ತೀರ್ಪಿನ ತನಕ ನಡೆಸಬಹುದು.

ಜಿಲ್ಲಾ ನ್ಯಾಯಾಧೀಶರಾಗಬೇಕಾದರೆ ಅವರೂ ಅಧ್ಯಕ್ಷರು, ಸೆನೆಟ್ ದಾರಿಯನ್ನು ಮೊದಲಿನಿಂದ ಹಿಡಿಯಬೇಕು. ಆದರೂ ಇಂದು ಇದು ಒಳ್ಳೆಯ ಮೆಟ್ಟಿಲು. ಅವರ ತೀರ್ಪುಗಳು ಎಲ್ಲರಿಗೂ ಓದಲು ಸಿಗುತ್ತವೆ, ಪೀಠದ ಮೇಲೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ವಕೀಲರಿಗೆಲ್ಲ ಗೊತ್ತಿರುತ್ತದೆ. ಸೇನೆಯ ವಕೀಲರಾಗಿ, ಪ್ರಾಸಿಕ್ಯೂಟರಾಗಿ ದುಡಿದ ಜಾಹಿದ್ ಖುರೈಶಿ 2019ರಲ್ಲಿ ನ್ಯೂಜೆರ್ಸಿಯಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿ, 2021ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು.

ಲಾ ಕ್ಲರ್ಕ್ ಆಗಿರಬೇಕೇ?

ಕಡ್ಡಾಯವಲ್ಲ. ಇಲ್ಲಿ ಕ್ಲರ್ಕ್ ಅಂದರೆ ಗುಮಾಸ್ತೆ ಅಲ್ಲ. ಕಾನೂನು ಶಾಲೆಯಿಂದ ಹೊರಬಂದವರು ಒಬ್ಬ ನ್ಯಾಯಾಧೀಶರ ಬಳಿ ಒಂದೆರಡು ವರ್ಷ ಸಂಶೋಧನೆ, ಕರಡು ತೀರ್ಪು ಮಾಡಿಕೊಡುವ ಕೆಲಸ. ಲಾಭ ಎರಡು. ಒಂದು, ತೀರ್ಪು ಹೇಗೆ ಹುಟ್ಟುತ್ತದೆಂದು ಒಳಗಿನಿಂದ ನೋಡಬಹುದು. ಎರಡು, ಇಪ್ಪತ್ತು ವರ್ಷ ಕಳೆದು ನಿಮ್ಮ ಬಗ್ಗೆ ವಿಚಾರಿಸಿದರೆ ಮಾತಾಡಲು ಒಬ್ಬ ನ್ಯಾಯಾಧೀಶರು ಇರುತ್ತಾರೆ.

ಪ್ರಾಧ್ಯಾಪಕರು, ರಾಜಕಾರಣಿಗಳು?

ಪ್ರಾಧ್ಯಾಪಕರು ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುವುದೇ ಹೆಚ್ಚು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಜ್ಯಾಕ್ ವೈನ್‌ಸ್ಟೈನ್ 1967ರಲ್ಲಿ ಬ್ರೂಕ್ಲಿನ್ನಿನ ಪೀಠಕ್ಕೆ ಬಂದದ್ದು, ಹಾರ್ವರ್ಡಿನ ರಾಬರ್ಟ್ ಕೀಟನ್ 1979ರಲ್ಲಿ ಬಾಸ್ಟನ್ನಿಗೆ ಬಂದದ್ದು ಅಪರೂಪದ ಉದಾಹರಣೆಗಳು. ಚುನಾಯಿತ ರಾಜಕಾರಣಿಗಳು ಹಿಂದೆ ಹೆಚ್ಚಿದ್ದರು, ಈಗ ವಿರಳ.

ಅರ್ಜಿ ಎಲ್ಲಿ ಹಾಕುವುದು?

ಹೆಚ್ಚಾಗಿ ಸೆನೆಟರ್ ಕಚೇರಿಯಲ್ಲಿ. ಹುದ್ದೆ ಖಾಲಿಯಾಗುತ್ತದೆಂದು ತಿಳಿದೊಡನೆ ಹಲವು ರಾಜ್ಯಗಳ ಸೆನೆಟರುಗಳು ಸ್ಥಳೀಯ ವಕೀಲರ ಸಮಿತಿ ರಚಿಸಿ ಅರ್ಜಿ ಕರೆಯುತ್ತಾರೆ, ಸಂದರ್ಶನ ಮಾಡುತ್ತಾರೆ, ಕೆಲವು ಹೆಸರುಗಳನ್ನು ಶ್ವೇತಭವನಕ್ಕೆ ಕಳಿಸುತ್ತಾರೆ. ಸಮಿತಿ ಇಲ್ಲದ ಕಡೆ ಪರಿಚಯ, ಶಿಫಾರಸಿನದೇ ಆಟ. ಆಮೇಲೆ ಶ್ವೇತಭವನದ ಕಾನೂನು ಕಚೇರಿಯ ಸಂದರ್ಶನ, ನ್ಯಾಯ ಇಲಾಖೆಯ ಪರಿಶೀಲನೆ, ಎಫ್‌ಬಿಐ ಹಿನ್ನೆಲೆ ತನಿಖೆ. ಇವೆಲ್ಲ ದಾಟಿದ ಮೇಲೆ ನಾಮನಿರ್ದೇಶನ ಸೆನೆಟಿಗೆ ಹೋಗುತ್ತದೆ.

ಅಲ್ಲಿ ಕಾಯುವುದು ಬ್ಲೂ ಸ್ಲಿಪ್. ಸೆನೆಟಿನ ನ್ಯಾಯಾಂಗ ಸಮಿತಿ ಆ ರಾಜ್ಯದ ಇಬ್ಬರು ಸೆನೆಟರುಗಳಿಗೂ ಒಂದು ನೀಲಿ ಚೀಟಿ ಕಳಿಸುತ್ತದೆ. ಒಬ್ಬರು ಅದನ್ನು ಹಿಂದಿರುಗಿಸದೆ ಸುಮ್ಮನೆ ಇಟ್ಟುಕೊಂಡರೂ ಜಿಲ್ಲಾ ನ್ಯಾಯಾಧೀಶರ ನಾಮನಿರ್ದೇಶನ ಅಲ್ಲೇ ನಿಲ್ಲುತ್ತದೆ. ಇದು ಕಾನೂನಲ್ಲ, ನೂರಕ್ಕೂ ಹೆಚ್ಚು ವರ್ಷದ ಸಂಪ್ರದಾಯ. ಮೇಲ್ಮನವಿ ನ್ಯಾಯಾಲಯಗಳಿಗೆ ಇದನ್ನು ಕೈಬಿಟ್ಟಿದ್ದಾರೆ, ಜಿಲ್ಲಾ ಪೀಠಕ್ಕೆ ಉಳಿಸಿಕೊಂಡಿದ್ದಾರೆ. 2025ರಲ್ಲಿ ಟ್ರಂಪ್ ಇದನ್ನು ತೆಗೆಯಿರೆಂದು ಒತ್ತಡ ಹಾಕಿದರೂ ಅವರದೇ ಪಕ್ಷದ ಸಮಿತಿ ಅಧ್ಯಕ್ಷ ಚಕ್ ಗ್ರಾಸ್ಲಿ ಒಪ್ಪಲಿಲ್ಲ. ವಿರೋಧ ಪಕ್ಷದ ಸೆನೆಟರುಗಳಿರುವ ರಾಜ್ಯದಲ್ಲಿ ಯಾವ ಅಧ್ಯಕ್ಷರೂ ಮನಸೋ ಇಚ್ಛೆ ಹೆಸರು ಕಳಿಸಲಾಗದಿರುವುದು ಇದರಿಂದಲೇ.

ಸೆನೆಟಿನ ಪ್ರಶ್ನಾವಳಿಯಲ್ಲಿ ಏನು ಕೇಳುತ್ತಾರೆ?

ಅನುಭವಿ ವಕೀಲರೂ ಬೆವರುವುದು ಇಲ್ಲಿ. ಕಾಲೇಜು ಮುಗಿದಂದಿನಿಂದ ಮಾಡಿದ ಪ್ರತಿ ಕೆಲಸ, ಬರೆದ ಪ್ರತಿ ಲೇಖನ, ಸಂಪಾದಕರಿಗೆ ಬರೆದ ಪತ್ರ, ಮಾಡಿದ ಭಾಷಣ, ಕೊಟ್ಟ ಸಂದರ್ಶನ ಪಟ್ಟಿ ಮಾಡಬೇಕು. ತೀರ್ಪಿನ ತನಕ ನಡೆಸಿದ ಪ್ರಕರಣ ಎಷ್ಟು, ಅದರಲ್ಲಿ ಒಬ್ಬರೇ ನಡೆಸಿದ್ದು ಎಷ್ಟು, ಮುಖ್ಯ ವಕೀಲರಾಗಿ ಎಷ್ಟು, ಸಹಾಯಕರಾಗಿ ಎಷ್ಟು. ಜ್ಯೂರಿ ಮುಂದೆ ಶೇಕಡಾ ಎಷ್ಟು. ಫೆಡರಲ್ ಕೋರ್ಟಿನಲ್ಲಿ ಶೇಕಡಾ ಎಷ್ಟು. ನಂತರ ಅತಿ ಮುಖ್ಯವಾದ 10 ಪ್ರಕರಣಗಳ ವಿವರ, ನ್ಯಾಯಾಧೀಶರ ಹೆಸರು, ಎದುರು ವಕೀಲರ ಫೋನ್ ಸಂಖ್ಯೆ ಸಮೇತ. ಆಗಲೇ ನ್ಯಾಯಾಧೀಶರಾಗಿದ್ದರೆ ತಮ್ಮ ಯಾವ ತೀರ್ಪುಗಳನ್ನು ಮೇಲಿನ ಕೋರ್ಟು ರದ್ದು ಮಾಡಿತು ಎಂಬುದನ್ನೂ ಬರೆಯಬೇಕು. ಕೊನೆಗೆ ಆಸ್ತಿ, ಸಾಲದ ಲೆಕ್ಕ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಇಪ್ಪತ್ತು ವರ್ಷದ ಹಿಂದಿನ ವಿಚಾರಣೆಗಳ ಲೆಕ್ಕ ಇಟ್ಟಿರುವುದಿಲ್ಲ. ಕಡತ ಹಳೆಯ ಫರ್ಮಿನ ಗೋದಾಮಿನಲ್ಲಿರುತ್ತದೆ. ಇನ್ನೊಂದು, ಮರೆತ ಬರಹ. ತಾನು ಪಟ್ಟಿಯಲ್ಲಿ ಹಾಕದ ಲೇಖನ ಎದುರಿನವರ ಕೈಗೆ ಸಿಕ್ಕರೆ ಬರೆದ ವಿಷಯಕ್ಕಿಂತ ಮುಚ್ಚಿಟ್ಟರು ಎಂಬ ಆಪಾದನೆ ಹೆಚ್ಚು ಕೆಡಿಸುತ್ತದೆ. ಈ ದಾರಿಯ ಮೇಲೆ ಕಣ್ಣಿಟ್ಟಿರುವ ಯುವ ವಕೀಲರು ಮೊದಲ ಪ್ರಕರಣದಿಂದಲೇ ಸಂಖ್ಯೆ, ನ್ಯಾಯಾಧೀಶ, ಎದುರು ವಕೀಲ, ಫಲಿತಾಂಶ ನಾಲ್ಕನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ವಕೀಲರ ಸಂಘದ ರೇಟಿಂಗ್‌ಗೆ ಬೆಲೆ ಇದೆಯೇ?

ಅಮೆರಿಕನ್ ಬಾರ್ ಅಸೋಸಿಯೇಷನ್ ಸಮಿತಿ 1953ರಿಂದ ‘ಬಹಳ ಅರ್ಹ’, ‘ಅರ್ಹ’, ‘ಅನರ್ಹ’ ಎಂದು ಮೂರು ದರ್ಜೆ ಕೊಡುತ್ತ ಬಂದಿದೆ. ನೋಡುವುದು ಪ್ರಾಮಾಣಿಕತೆ, ವೃತ್ತಿ ಸಾಮರ್ಥ್ಯ, ಸ್ವಭಾವ. ಸಾಮಾನ್ಯವಾಗಿ 12 ವರ್ಷದ ವಕೀಲಿಕೆಯನ್ನು ನಿರೀಕ್ಷಿಸುತ್ತದೆ. ಆದರೆ ಅದಕ್ಕೆ ತಡೆಯುವ ಅಧಿಕಾರವಿಲ್ಲ. ಕ್ಯಾಥರಿನ್ ಮಿಜೆಲ್ ಅವರಿಗೆ ಅನುಭವ ಸಾಲದೆಂದು ‘ಅನರ್ಹ’ ಎಂದಿತು. 2020ರ ನವೆಂಬರಿನಲ್ಲಿ 33ನೇ ವಯಸ್ಸಿಗೆ ಸೆನೆಟ್ ಅವರನ್ನು ಫ್ಲೋರಿಡಾದ ಪೀಠಕ್ಕೆ ಒಪ್ಪಿತು. ಹೆಚ್ಚಿನವರು ಪೀಠ ಏರುವುದು ನಲವತ್ತರ ಕೊನೆ, ಐವತ್ತರ ಆಸುಪಾಸಿನಲ್ಲಿ. ರಿಪಬ್ಲಿಕನ್ ಆಡಳಿತಗಳು ಈ ಸಂಘವನ್ನು ಪಕ್ಷಪಾತಿ ಎಂದು ದೂರುತ್ತ ಬಂದಿವೆ. 2025ರಲ್ಲಿ ನ್ಯಾಯ ಇಲಾಖೆ ಅದಕ್ಕೆ ಅಭ್ಯರ್ಥಿಗಳ ಸಂದರ್ಶನದ ಅನುಕೂಲವನ್ನೇ ನಿಲ್ಲಿಸಿತು.

ಸೆನೆಟ್ ವಿಚಾರಣೆಯಲ್ಲಿ ಯಾರಾದರೂ ಸೋಲುತ್ತಾರೆಯೇ?

ಹೆಚ್ಚಿನವು ಸಪ್ಪೆ. ಒಂದೇ ದಿನ ನಾಲ್ಕೈದು ಮಂದಿಯನ್ನು ಕೂರಿಸಿ ಮುಗಿಸುತ್ತಾರೆ. ಆದರೆ 2017ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ಮರೆಯುವುದು ಕಷ್ಟ. ವಾಷಿಂಗ್ಟನ್ ಡಿಸಿ ಪೀಠಕ್ಕೆ ಟ್ರಂಪ್ ಹೆಸರಿಸಿದ್ದ ಮ್ಯಾಥ್ಯೂ ಪೀಟರ್‌ಸನ್ ಆಗ ಫೆಡರಲ್ ಚುನಾವಣಾ ಆಯೋಗದ ಸದಸ್ಯರು. ಲೂಯಿಸಿಯಾನಾದ ಸೆನೆಟರ್ ಜಾನ್ ಕೆನೆಡಿ, ಅವರೂ ರಿಪಬ್ಲಿಕನ್ನರೇ, ಒಂದೊಂದಾಗಿ ಕೇಳುತ್ತ ಹೋದರು: ಜ್ಯೂರಿ ವಿಚಾರಣೆ ನಡೆಸಿದ್ದೀರಾ? ಸಿವಿಲ್? ಕ್ರಿಮಿನಲ್? ಜ್ಯೂರಿ ಇಲ್ಲದ್ದು? ರಾಜ್ಯ ಕೋರ್ಟಿನಲ್ಲಿ? ಎಲ್ಲಕ್ಕೂ ಇಲ್ಲ. ಪರಿಣತರ ಸಾಕ್ಷ್ಯವನ್ನು ಒಪ್ಪುವ ಡಾಬರ್ಟ್ ಮಾನದಂಡ ಏನೆಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಕೆಲವೇ ದಿನಗಳಲ್ಲಿ ಅವರು ಹಿಂದೆ ಸರಿದರು. ಅವರಿಗೆ ಚುನಾವಣಾ ಕಾನೂನು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಈ ಹುದ್ದೆಯ ದಿನನಿತ್ಯದ ಕೆಲಸ.

ಕೋರ್ಟಿನ ಅನುಭವವಿದ್ದರೂ ಎಡವಬಹುದು. ಆಗ ವಾಷಿಂಗ್ಟನ್ ರಾಜ್ಯದ ನ್ಯಾಯಾಧೀಶೆಯಾಗಿದ್ದ ಶಾರ್ನೆಲ್ ಬ್ಯೆಲ್‌ಕೆಂಗ್ರೆನ್ ಅವರನ್ನು 2023ರ ಜನವರಿಯಲ್ಲಿ ಇದೇ ಕೆನೆಡಿ ಸಂವಿಧಾನದ ಐದನೇ ಪರಿಚ್ಛೇದ ಏನು ಹೇಳುತ್ತದೆಂದು ಕೇಳಿದರು. ತಿದ್ದುಪಡಿಯ ವಿಧಾನ ಅದು. ಅವರಿಗೆ ನೆನಪಾಗಲಿಲ್ಲ. ನಾಮನಿರ್ದೇಶನ ಕೊನೆಗೂ ಮತಕ್ಕೆ ಬರಲಿಲ್ಲ.

ಎಷ್ಟು ದಿನ ಹಿಡಿಯುತ್ತದೆ?

ತಿಂಗಳುಗಟ್ಟಲೆ. ವರ್ಷ ದಾಟುವುದೂ ಹೊಸದಲ್ಲ. 2013ರಿಂದ ಸರಳ ಬಹುಮತ ಸಾಕು, 2019ರಿಂದ ಜಿಲ್ಲಾ ನ್ಯಾಯಾಧೀಶರ ಮೇಲಿನ ಅಂತಿಮ ಚರ್ಚೆಯನ್ನು 30 ಗಂಟೆಯಿಂದ 2 ಗಂಟೆಗೆ ಇಳಿಸಿದ್ದಾರೆ. ಆದರೂ ಅಧಿವೇಶನ ಮುಗಿಯುವಾಗ ಬಾಕಿ ಉಳಿದ ಹೆಸರುಗಳು ನಿಯಮದಂತೆ ಅಧ್ಯಕ್ಷರಿಗೆ ವಾಪಸು ಹೋಗುತ್ತವೆ; ಮತ್ತೆ ಕಳಿಸದಿದ್ದರೆ ಕಥೆ ಮುಗಿಯಿತು. ಈ ಕಾಯುವಿಕೆ ಅತಿ ಹೆಚ್ಚು ತಟ್ಟುವುದು ಖಾಸಗಿ ವಕೀಲರಿಗೆ. ಹೊಸ ದೊಡ್ಡ ಪ್ರಕರಣ ಹಿಡಿಯುವಂತಿಲ್ಲ, ಇರುವ ಕಕ್ಷಿದಾರರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಪ್ರಾಸಿಕ್ಯೂಟರ್, ಹಾಲಿ ನ್ಯಾಯಾಧೀಶರಿಗೆ ಸಂಬಳ ಬರುತ್ತಲೇ ಇರುತ್ತದೆ. ಸರ್ಕಾರಿ ಹಿನ್ನೆಲೆಯವರು ಹೆಚ್ಚಿರಲು ಇದೂ ಒಂದು ಕಾರಣ ಎನ್ನಬೇಕು.

ಹೊಸ ನ್ಯಾಯಾಧೀಶರ ಮೊದಲ ತಿಂಗಳುಗಳು ಹೇಗಿರುತ್ತವೆ?

ಕಡತಗಳ ರಾಶಿ. ಉಳಿದ ನ್ಯಾಯಾಧೀಶರಿಂದ ನೂರಾರು ಪ್ರಕರಣ ಒಟ್ಟಿಗೆ ವರ್ಗವಾಗುತ್ತವೆ, ಅದರಲ್ಲಿ ಯಾರಿಗೂ ಬೇಡವಾದ ಹಳೆಯವೂ ಇರುತ್ತವೆ. ಫೆಡರಲ್ ಜುಡಿಷಿಯಲ್ ಸೆಂಟರ್ ಹೊಸಬರಿಗೆ ತರಬೇತಿ ನಡೆಸುತ್ತದೆ; ಅದನ್ನು ನ್ಯಾಯಾಧೀಶರೇ ತಮಾಷೆಗೆ ‘ಬೇಬಿ ಜಡ್ಜ್ ಸ್ಕೂಲ್’ ಅನ್ನುತ್ತಾರೆ. ಸಿವಿಲ್ ವಕೀಲರಾಗಿದ್ದವರಿಗೆ ಕಷ್ಟ ಕೊಡುವುದು ಶಿಕ್ಷೆ ವಿಧಿಸುವ ಕೆಲಸ. ಮಾರ್ಗಸೂಚಿಯ ಲೆಕ್ಕ ಕಲಿಯಬಹುದು, ಎದುರಿಗೆ ನಿಂತ ಮನುಷ್ಯನಿಗೆ ಇಷ್ಟು ವರ್ಷ ಎಂದು ಹೇಳುವುದನ್ನು ಯಾವ ಫರ್ಮೂ ಕಲಿಸಿರುವುದಿಲ್ಲ.

ಇನ್ನೊಂದು ಚುರುಕು ಮುಟ್ಟಿಸುವ ವ್ಯವಸ್ಥೆಯಿದೆ. 1990ರ ಕಾಯ್ದೆಯಂತೆ 6 ತಿಂಗಳಿಗೂ ಹೆಚ್ಚು ಬಾಕಿಯಿರುವ ಅರ್ಜಿಗಳು, 3 ವರ್ಷ ದಾಟಿದ ಸಿವಿಲ್ ಪ್ರಕರಣಗಳನ್ನು ನ್ಯಾಯಾಧೀಶರ ಹೆಸರಿನ ಸಮೇತ ವರ್ಷಕ್ಕೆ ಎರಡು ಸಲ ಪ್ರಕಟಿಸುತ್ತಾರೆ. ಲೆಕ್ಕದ ದಿನ ಮಾರ್ಚ್ 31 ಮತ್ತು ಸೆಪ್ಟೆಂಬರ್ 30. ಆ ದಿನಗಳ ಹತ್ತಿರ ಆದೇಶಗಳು ಸುರಿಯುವುದನ್ನು ವಕೀಲರು ಬಲ್ಲರು.

ಸಂಬಳ ಎಷ್ಟು? ಕಟ್ಟುಪಾಡು ಏನು?

2025ರಲ್ಲಿ ವರ್ಷಕ್ಕೆ 2,47,400 ಡಾಲರ್. ದೊಡ್ಡ ಫರ್ಮಿನ ಪಾಲುದಾರರಿಗೆ ಇದು ಭಾರಿ ಇಳಿಕೆ, ಪಬ್ಲಿಕ್ ಡಿಫೆಂಡರಿಗೆ ಏರಿಕೆ. ಅಧಿಕಾರದಲ್ಲಿರುವಷ್ಟು ದಿನ ಸಂಬಳ ಇಳಿಸುವಂತಿಲ್ಲ ಎಂದು ಸಂವಿಧಾನವೇ ಹೇಳಿದೆ. ವಕೀಲಿಕೆ ಮಾಡುವಂತಿಲ್ಲ. ಪ್ರಕರಣದ ಕಕ್ಷಿದಾರ ಕಂಪನಿಯ ಒಂದೇ ಒಂದು ಷೇರು ತಮ್ಮ ಅಥವಾ ಸಂಗಾತಿಯ ಹೆಸರಲ್ಲಿದ್ದರೂ ಅದರಿಂದ ಹಿಂದೆ ಸರಿಯಬೇಕು. ಹಾಗಾಗಿ ಅನೇಕರು ನೇಮಕವಾದೊಡನೆ ಬಿಡಿ ಷೇರು ಮಾರಿ ಮ್ಯೂಚುವಲ್ ಫಂಡಿಗೆ ಹಾಕಿಬಿಡುತ್ತಾರೆ.

ನಿವೃತ್ತಿ, ವಜಾ?

ವಯಸ್ಸಿನ ಮಿತಿಯಿಲ್ಲ. ಕೆನ್ಸಾಸಿನ ವೆಸ್ಲಿ ಬ್ರೌನ್ ಅವರನ್ನು 1962ರಲ್ಲಿ ಅಧ್ಯಕ್ಷ ಕೆನೆಡಿ ನೇಮಿಸಿದ್ದರು. 2012ರಲ್ಲಿ 104ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರು ನ್ಯಾಯಾಧೀಶರೇ. ವಯಸ್ಸು ಮತ್ತು ಸೇವೆ ಸೇರಿ 80 ಆದರೆ, ಅಂದರೆ 65ಕ್ಕೆ 15 ವರ್ಷ ಅಥವಾ 70ಕ್ಕೆ 10 ವರ್ಷ ಸೇವೆಯಿದ್ದರೆ, ‘ಸೀನಿಯರ್’ ಸ್ಥಾನಕ್ಕೆ ಸರಿಯಬಹುದು. ಕೆಲಸ ಕಡಿಮೆಯಾದರೂ ಸಂಬಳ ಬರುತ್ತದೆ, ಹುದ್ದೆ ಖಾಲಿ ಎಂದು ಘೋಷಣೆಯಾಗುತ್ತದೆ. ತಮ್ಮನ್ನು ನೇಮಿಸಿದ ಪಕ್ಷದ ಅಧ್ಯಕ್ಷರು ಬರಲೆಂದು ಕೆಲವರು ಕಾಯುತ್ತಾರೆ; ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಬಲವಂತವಾಗಿ ತೆಗೆಯಲು ಮಹಾಭಿಯೋಗವೊಂದೇ ದಾರಿ. ಇದುವರೆಗೆ ಸೆನೆಟ್ ತೆಗೆದುಹಾಕಿದ ಫೆಡರಲ್ ನ್ಯಾಯಾಧೀಶರು 8 ಮಂದಿ. ಮೊದಲನೆಯವರು 1804ರಲ್ಲಿ ಜಾನ್ ಪಿಕರಿಂಗ್, ಕೊನೆಯವರು 2010ರಲ್ಲಿ ಥಾಮಸ್ ಪೋರ್ಟಿಯಸ್.

ಭಾರತ ಮೂಲದವರು ಇದ್ದಾರೆಯೇ?

ಇದ್ದಾರೆ, ಒಬ್ಬೊಬ್ಬರ ದಾರಿಯೂ ಬೇರೆ. ಅಮುಲ್ ಥಾಪರ್ ಕೆಂಟಕಿಯಲ್ಲಿ ಯು.ಎಸ್. ಅಟಾರ್ನಿಯಾಗಿದ್ದು 2008ರ ಆರಂಭದಲ್ಲಿ ಪೀಠ ಏರಿದರು, 2017ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು. ಗುಜರಾತಿನ ಪಾಟಣದಲ್ಲಿ ಹುಟ್ಟಿದ ಅಮಿತ್ ಮೆಹ್ತಾ ಪಬ್ಲಿಕ್ ಡಿಫೆಂಡರ್ ಆಗಿ, ಖಾಸಗಿ ವಕೀಲರಾಗಿ ದುಡಿದು 2014ರಲ್ಲಿ ಬಂದವರು. 2024ರಲ್ಲಿ ಗೂಗಲ್ ಸರ್ಚ್ ಏಕಸ್ವಾಮ್ಯದ ತೀರ್ಪು ಬರೆದದ್ದು ಇವರೇ. ವಿನ್ಸ್ ಛಾಬ್ರಿಯಾ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ ವಕೀಲರಾಗಿದ್ದವರು. ಇಂದಿರಾ ತಲ್ವಾನಿ ಬಾಸ್ಟನ್ನಿನಲ್ಲಿ ಕಾರ್ಮಿಕ ಸಂಘಗಳ ಪರ ವಾದಿಸುತ್ತಿದ್ದರು. ಶಿಕಾಗೋದ ಸುನಿಲ್ ಹರ್ಜಾನಿ ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿದ್ದು 2024ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು.

ಬೆಂಗಳೂರಿನಲ್ಲಿ ಎಲ್‌ಎಲ್‌ಬಿ ಮಾಡಿದವರು ಈ ದಾರಿ ಹಿಡಿಯಬಹುದೇ?

ನಿಯಮ ಅಡ್ಡ ಬರುವುದಿಲ್ಲ, ವಾಸ್ತವ ಬರುತ್ತದೆ. ನ್ಯೂಯಾರ್ಕಿನಂಥ ರಾಜ್ಯದಲ್ಲಿ ವಿದೇಶಿ ಪದವಿಯವರೂ ಷರತ್ತು ಪೂರೈಸಿ ಬಾರ್ ಪರೀಕ್ಷೆ ಬರೆಯಬಹುದು, ಹಲವರು ಅಲ್ಲಿ ಎಲ್‌ಎಲ್‌ಎಂ ಮಾಡಿ ಕೂರುತ್ತಾರೆ. ಆದರೆ ಹಾಗೆ ಹೋದವರಿಗೆ ಸಿಗುವುದು ಹೆಚ್ಚಾಗಿ ಕಾರ್ಪೊರೇಟ್ ಒಪ್ಪಂದ, ಮಧ್ಯಸ್ಥಿಕೆಯ ಕೆಲಸ. ಕೋರ್ಟಿನ ಅನುಭವ ಕಟ್ಟಿಕೊಡುವ ಫೆಡರಲ್ ಪ್ರಾಸಿಕ್ಯೂಟರ್ ಹುದ್ದೆಗೆ ಪೌರತ್ವ ಬೇಕು. ಪೌರತ್ವ, ನಂತರ ಹತ್ತು ಹದಿನೈದು ವರ್ಷದ ಕೋರ್ಟು, ಒಂದೇ ಊರಿನಲ್ಲಿ ಬೇರು. ಲೆಕ್ಕ ಹಾಕಿದರೆ ಇದು ಮುಂದಿನ ತಲೆಮಾರಿಗೆ ಹೆಚ್ಚು ಹೊಂದುವ ದಾರಿ.

ಇಮಿಗ್ರೇಷನ್ ಜಡ್ಜ್ ಕೂಡ ಫೆಡರಲ್ ನ್ಯಾಯಾಧೀಶರೇ ಅಲ್ಲವೇ?

ಅಲ್ಲ. ಅವರು ನ್ಯಾಯ ಇಲಾಖೆಯ ನೌಕರರು. ಅಟಾರ್ನಿ ಜನರಲ್ ನೇಮಿಸುತ್ತಾರೆ, ಜೀವನಪರ್ಯಂತದ ರಕ್ಷಣೆ ಇಲ್ಲ. ಅಲ್ಲಿರುವ ಕನ್ನಡಿಗರಿಗೆ ನಿಜವಾದ ಜಿಲ್ಲಾ ನ್ಯಾಯಾಧೀಶರು ಎದುರಾಗುವುದು ಬೇರೆ ಸಂದರ್ಭದಲ್ಲಿ: ಎಚ್-1ಬಿ ಉದ್ಯೋಗ ವೀಸಾ ನಿರಾಕರಣೆಯನ್ನು ಪ್ರಶ್ನಿಸಿದಾಗ, ಪೌರತ್ವದ ಸಂದರ್ಶನವಾಗಿ 120 ದಿನ ಕಳೆದರೂ ನಿರ್ಧಾರ ಬಾರದೆ ಕೋರ್ಟಿಗೆ ಹೋದಾಗ, ಅಥವಾ ಕೋರ್ಟಿನಲ್ಲೇ ಪೌರತ್ವದ ಪ್ರಮಾಣವಚನ ನಡೆದಾಗ.

ನಮ್ಮ ಪ್ರಕರಣ ನೋಡುತ್ತಿರುವ ನ್ಯಾಯಾಧೀಶರ ಹಿನ್ನೆಲೆ ತಿಳಿಯುವುದು ಹೇಗೆ?

ಫೆಡರಲ್ ಜುಡಿಷಿಯಲ್ ಸೆಂಟರ್ ಜಾಲತಾಣದಲ್ಲಿ 1789ರಿಂದ ಈಚಿನ, ಜೀವನಪರ್ಯಂತ ನೇಮಕದ ಎಲ್ಲ ನ್ಯಾಯಾಧೀಶರ ಓದು, ಹಿಂದಿನ ಕೆಲಸ, ನೇಮಿಸಿದ ಅಧ್ಯಕ್ಷರ ವಿವರ ಉಚಿತವಾಗಿ ಸಿಗುತ್ತದೆ. ಇತ್ತೀಚಿನವರಾದರೆ ಸೆನೆಟ್ ನ್ಯಾಯಾಂಗ ಸಮಿತಿಯ ಜಾಲತಾಣದಲ್ಲಿ ಅವರು ತುಂಬಿದ ಪ್ರಶ್ನಾವಳಿಯನ್ನೇ ಓದಿ. ಅವರ 10 ಮುಖ್ಯ ಪ್ರಕರಣಗಳ ಭಾಗದಿಂದ ಶುರು ಮಾಡಿದರೆ ಯಾರ ಪರ ವಾದಿಸಿ ಬೆಳೆದವರು, ಯಾವ ಬಗೆಯ ಕಾನೂನಿನಲ್ಲಿ ಪಳಗಿದವರು ಎಂಬುದು ಗೊತ್ತಾಗುತ್ತದೆ. ಆಮೇಲೆ ಆಯಾ ನ್ಯಾಯಾಲಯದ ಜಾಲತಾಣದಲ್ಲಿ ಆ ನ್ಯಾಯಾಧೀಶರ ವೈಯಕ್ತಿಕ ನಿಯಮಗಳನ್ನು ನೋಡಿ: ಅರ್ಜಿ ಎಷ್ಟು ಪುಟ ಮೀರಬಾರದು, ಅದಕ್ಕೂ ಮೊದಲು ಪತ್ರ ಬರೆಯಬೇಕೇ, ಗಡುವು ವಿಸ್ತರಣೆ ಎಷ್ಟು ದಿನ ಮುಂಚೆ ಕೇಳಬೇಕು ಎಂಬುದೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ.